ಲಂಡನ್ನಿನ ಹಿತ್ತಿಲು

ಮಕ್ಕಳೇ, ರೈಲು ಊರೊಳಗೆ ಬರುವಾಗ ಕಿಟಕಿಯಿಂದ ಕಾಣುವುದು ಮನೆಗಳ ಮುಂಬಾಗಿಲಲ್ಲ, ಹಿತ್ತಿಲು. ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಡೋರೆ ಲಂಡನ್ನನ್ನು ಹಾಗೂ ನೋಡಿದ. 1872ರಲ್ಲಿ ಬಂದ ‘ಲಂಡನ್: ಎ ಪಿಲ್ಗ್ರಿಮೇಜ್’ ಪುಸ್ತಕದಲ್ಲಿ ಅವನ 180 ಚಿತ್ರಗಳಿವೆ. ಒಂದರಲ್ಲಿ ರೈಲು ಸೇತುವೆಯ ಕಮಾನಿನಡಿ ಸಾಲುಮನೆಗಳು, ಇಕ್ಕಟ್ಟಾದ ಹಿತ್ತಿಲು, ಒಣಹಾಕಿದ ಬಟ್ಟೆ, ಜನ.

ಅವನು ಬಿಡಿಸಿದ್ದನ್ನು ಮರದಲ್ಲಿ ಕೆತ್ತಿದವರು ಬೇರೆ ಕುಶಲಕರ್ಮಿಗಳು. ಅಡ್ಡ ಕೊಯ್ದ ಗಟ್ಟಿಮರದ ಮೇಲೆ ಚೂಪಾದ ಉಳಿಯಿಂದ ಕೆತ್ತಬೇಕು. ಕೆತ್ತಿದ ಜಾಗ ಬಿಳಿ. ಉಳಿದದ್ದು ಮಸಿ ಹಿಡಿದು ಕಪ್ಪು. ಕತ್ತಲೆ ತಾನಾಗಿ ಉಳಿಯುತ್ತದೆ, ಬೆಳಕನ್ನು ಗೀರುಗೀರಾಗಿ ಕೆತ್ತಿಯೇ ತರಬೇಕು!

ಬಡತನವನ್ನೇ ತೋರಿಸಿದನೆಂದು ಆಗ ಕೆಲವರು ಗೊಣಗಿದರು. ಆದರೆ ಹಿತ್ತಿಲೂ ಊರೇ ಅಲ್ಲವೇ? ಮುಂದಿನ ರೈಲು ಪ್ರಯಾಣದಲ್ಲಿ ಅಜ್ಜ-ಅಜ್ಜಿಯ ಪಕ್ಕ ಕೂತು ಕಿಟಕಿಯಾಚೆ ನೋಡಿ, ಕಂಡದ್ದನ್ನು ಬಿಡಿಸಿ.