ಕೆಲಸ ಉಳಿಯಿತು, ಬಾಯಿ ಹೋಯಿತು

ಕೆಲಸ ಕಳೆದುಕೊಂಡವರ ಬಗ್ಗೆ ಒಂದೆರಡು ದಿನವಾದರೂ ಮಾತು ನಡೆಯುತ್ತದೆ. ಉಳಿದುಕೊಂಡವರು ಏನಾದರು ಎಂದು ಯಾರೂ ಕೇಳುವುದಿಲ್ಲ. ಸಂಡೂರಿನ ಗಣಿಗಳ ಮಟ್ಟಿಗೆ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಡೆದಿದ್ದ ಲೂಟಿಯನ್ನು ನೋಡಿದರೆ ಆ ಆದೇಶ ತಪ್ಪೆನ್ನಲಾಗದು. ಆದರೆ ಅದಿರು ಕದ್ದವರು ಯಾರೋ, ಕೂಲಿ ಕಳೆದುಕೊಂಡವರು ಇನ್ನಾರೋ. ಸಂಡೂರಿನ ಗಣಿ ಕೂಲಿ, ಹೊಸಪೇಟೆಯ ಲಾರಿ ಚಾಲಕ, ಗ್ಯಾರೇಜಿನ ಹುಡುಗ ಎಲ್ಲರೂ ಬೀದಿಗೆ ಬಿದ್ದರು. ಮುಂದೆ ಗಣಿಗಳು ಹಂತ ಹಂತವಾಗಿ ತೆರೆದವು. 2018ರ ನವೆಂಬರಿನಲ್ಲಿ ದೋಣಿಮಲೈ ಗಣಿ ನಿಂತಿತು. ಈ ಸಲ ಕಾರಣ ಕಳ್ಳತನವಲ್ಲ, ಕೇಂದ್ರ ಸರಕಾರದ ಕಂಪೆನಿಗೂ ರಾಜ್ಯ ಸರಕಾರಕ್ಕೂ ನಡುವಿನ ಹಣದ ತಕರಾರು. ಅದು ಮತ್ತೆ ಆರಂಭವಾದದ್ದು 2021ರ ಫೆಬ್ರವರಿಯಲ್ಲಿ.

ಹೀಗೆ ಮತ್ತೆ ಮತ್ತೆ ಪೆಟ್ಟು ತಿಂದವನು ಟಯರು ಸವೆದಿದೆ ಎನ್ನಲು ಹಿಂಜರಿಯುತ್ತಾನೆ. ಧೂಳಿನ ಮುಖಗವಸು ಕೇಳುವುದಿಲ್ಲ. ಪಕ್ಕದವನನ್ನು ತೆಗೆದುಹಾಕಿದರೆ ತಲೆ ತಗ್ಗಿಸುತ್ತಾನೆ. ಇದನ್ನು ಶಿಸ್ತು ಎನ್ನುವ ಮಾಲೀಕರಿದ್ದಾರೆ. ಇದು ಶಿಸ್ತಲ್ಲ, ಭಯ.

ಈ ಭಯ ಕಾರ್ಮಿಕನೊಬ್ಬನ ಸಮಸ್ಯೆಯೇ? ಲಾರಿಗೆ ಮಿತಿಮೀರಿ ಅದಿರು ತುಂಬಿದ್ದನ್ನು ಮೊದಲು ಕಾಣುವವರು ಚಾಲಕ ಮತ್ತು ತೂಕದ ಮನೆಯ ನೌಕರ. ಲೋಕಾಯುಕ್ತರ ವರದಿ ಬರುವುದು ವರ್ಷಗಳ ನಂತರ. ಅವರಿಬ್ಬರ ಬಾಯಿ ಕಟ್ಟಿದರೆ ಲೂಟಿಗೆ ಮತ್ತೆ ದಾರಿ ತೆರೆದಂತೆಯೇ.

ಬೇಡಿಕೆ ಏರಿಳಿದರೆ ಜನರನ್ನು ಕಡಿಮೆ ಮಾಡದೆ ವಿಧಿಯಿಲ್ಲ ಎಂಬ ವಾದವಿದೆ. ಇರಬಹುದು. ಆದರೆ ಕಡಿಮೆ ಮಾಡುವುದಕ್ಕೂ ಒಂದು ನ್ಯಾಯವಿದೆ. ಕೊನೆಗೆ ಬಂದವನು ಮೊದಲು ಹೋಗಬೇಕು, ಮತ್ತೆ ನೇಮಿಸುವಾಗ ತೆಗೆದವನಿಗೇ ಆದ್ಯತೆ ಸಿಗಬೇಕು ಎಂದು 1947ರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಆದರೆ ಮರುನೇಮಕದ ಆದ್ಯತೆಯನ್ನು ಒಂದು ವರ್ಷಕ್ಕೆ ಇಳಿಸಿದೆ. ದೋಣಿಮಲೈ ಮುಚ್ಚಿದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ! ಕೇಂದ್ರದ ಹಳೆಯ ಕಾಯ್ದೆಯಂತೆ ನೂರು ಕಾರ್ಮಿಕರಿದ್ದ ಗಣಿ ಜನರನ್ನು ತೆಗೆಯಲು ಸರಕಾರದ ಅನುಮತಿ ಪಡೆಯಬೇಕಿತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ 300. ಕಂಪೆನಿಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಕೂಲಿಗಂತೂ ಯಾವ ಮಿತಿಯಾದರೇನು?

ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿದೆ. ಗಿಡ ನೆಡಲಿ, ರಸ್ತೆ ಮಾಡಲಿ. ಜೊತೆಗೆ ಗಣಿ ನಿಂತ ದಿನಗಳಿಗೆ ಕೂಲಿಯನ್ನೂ ಕೊಡಲಿ. ಗುತ್ತಿಗೆ ಕೂಲಿಗಳ ಹೆಸರಿನ ಪಟ್ಟಿ ಪ್ರತಿ ಗಣಿಯ ಬಾಗಿಲಲ್ಲಿ ತೂಗಲಿ. ಹೊಟ್ಟೆಯ ಭಯವಿಲ್ಲದ ಕಾರ್ಮಿಕ ಮಾತ್ರ ಸಂಡೂರಿನ ಗುಡ್ಡಗಳಿಗೆ ನಿಜವಾದ ಕಾವಲುಗಾರನಾಗಬಲ್ಲ.