ಅರ್ಧ ಇಂಚಿಗೆ ಅರ್ಧ ಲಕ್ಷ

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ದೊಡ್ಡ ಚರ್ಚೆ. ಟೀಮಿನವರೊಬ್ಬರು ಹೊಸ ಫ್ಲ್ಯಾಟಿಗೆ ಮರದ ಸ್ಕರ್ಟಿಂಗ್ ಹಾಕಿಸ್ತಿದಾರೆ, ಗೋಡೆ ಬುಡಕ್ಕೆ ಹೊಡೀತಾರಲ್ಲ ಆ ಪಟ್ಟಿ. ಬಾಲ್ಕನಿ ಪಕ್ಕದ ಕಿಟಕಿ ಕೆಳಗೆ ಇರೋ ಜಾಗ ಮೂರೂವರೆ ಇಂಚು, ಪಟ್ಟಿ ನಾಲ್ಕಿಂಚು. ಇಂಟೀರಿಯರ್‌ನವನು "ಟೇಬಲ್ ಸಾ ಇಲ್ದೆ ಆಗಲ್ಲ ಸರ್, ವರ್ಕ್‌ಶಾಪಿಗೆ ಕಳಿಸ್ಬೇಕು, ಎಕ್ಸ್‌ಟ್ರಾ ಆಗುತ್ತೆ" ಅಂದನಂತೆ. ಎಲ್ಲರೂ ತಲೆಯಾಡಿಸಿದರು. ಒಬ್ಬನಂತೂ ಅರ್ಧ ಲಕ್ಷದ ಮೆಷಿನ್ನಿನ ಲಿಂಕೇ ಕಳಿಸಿದ.

ಆಗಲ್ಲ ಅಂದ್ರೇನ್ರೀ? ನಮ್ಮೂರ ಆಚಾರ್ರು ಕರೆಂಟಿಲ್ಲದ ಕೊಟ್ಟಿಗೆಯಲ್ಲಿ ಕೂತು ಊರಿಗೆಲ್ಲ ಬಾಗಿಲು, ತೊಟ್ಟಿಲು ಮಾಡಿಕೊಟ್ಟವರು. ಹಲಗೆ ಅಗಲ ಇಳಿಸೋದನ್ನ ಅವರು ಕೆಲಸ ಅಂತಲೇ ಲೆಕ್ಕಕ್ಕೆ ಹಿಡೀತಿರಲಿಲ್ಲ. ಗೆರೆ ಎಳಿ, ಗೆರೆಯಿಂದ ಎರಡು ಮಿಲಿಮೀಟರ್ ಹೊರಗೆ ಗರಗಸ ಓಡಿಸು, ಉಳಿದದ್ದು ಹತ್ತರಿಗೆ. ಬೆಂಗಳೂರಿನ ಕಾರ್ಪೆಂಟರ್‌ಗಳ ಬಾಯಲ್ಲಿ ಅದು ರಂದಾ. ನಾರು ಹೋಗುವ ಕಡೆಗೇ ತಳ್ಳಬೇಕು, ಎದುರು ತಳ್ಳಿದರೆ ಚಕ್ಕೆ ಏಳುತ್ತೆ. ಅಷ್ಟೇ ಗುಟ್ಟು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಟೇಬಲ್ ಸಾ ನೇರವಾಗಿ ಕುಯ್ಯುತ್ತೆ, ಸರಿ. ನಿಮ್ಮ ನೆಲ ನೇರ ಇದೆಯಾ? ಕೋಟಿ ಕೊಟ್ಟ ಫ್ಲ್ಯಾಟಲ್ಲೂ ಟೈಲ್ಸು ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಆ ಸಂದಿಗೆ ಆಮೇಲೆ ಸಿಲಿಕಾನ್ ತುಂಬ್ತಾರೆ, ಅದಕ್ಕೂ ಬಿಲ್! ಅದರ ಬದಲು ಪಟ್ಟಿಯನ್ನ ಅದರ ಜಾಗದ ಮುಂದೆ ನೆಲಕ್ಕೆ ನಿಲ್ಲಿಸಿ, ಅರ್ಧ ಇಂಚು ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ಉದ್ದಕ್ಕೂ ಎಳೆಯಿರಿ. ನೆಲದ ವಕ್ರವೆಲ್ಲ ಪಟ್ಟಿ ಮೇಲೆ ಮೂಡುತ್ತೆ. ಆ ಗೆರೆಗೆ ಬುಡ ಇಳಿಸಿ, ಡಿಸೈನ್ ಇರೋ ಮೇಲಂಚು ಮುಟ್ಟಬೇಡಿ. ಆ ವಕ್ರ ಗೆರೆ ಹಿಡಿದು ಹೋಗೋದು ಕೈಗೆ ಸಲೀಸು, ಟೇಬಲ್ ಸಾಗೆ ಆಗದ ಮಾತು.

ಮೆಷಿನ್ ಬೇಡ ಅಂತ ಅಲ್ಲ. ಇಪ್ಪತ್ತು ಫ್ಲ್ಯಾಟಿನ ಕೆಲಸವಾದ್ರೆ ಬೇಕೇ ಬೇಕು. ಎಂಡಿಎಫ್ ಪಟ್ಟಿಯಾದ್ರೆ ಅದರೊಳಗಿನ ಅಂಟು ಹತ್ತರಿಯ ಅಲಗನ್ನು ಬೇಗ ಮೊಂಡು ಮಾಡುತ್ತೆ. ಅಲ್ಲೂ ಸರ್ಕ್ಯುಲರ್ ಸಾ, ಕ್ಲಾಂಪ್ ಹಾಕಿದ ಒಂದು ನೇರ ಹಲಗೆ, ಮೂಗಿಗೆ ಮಾಸ್ಕ್ ಇದ್ದರೆ ಮುಗೀತು. ನನ್ನ ಜಗಳ ಆ "ಆಗಲ್ಲ" ಅನ್ನೋ ಮಾತಿನ ಜೊತೆ. ಹ್ಯಾಂಡ್‌ಮೇಡ್ ಅಂತ ಚೀಟಿ ಅಂಟಿಸಿದ ಸ್ಟೂಲಿಗೆ ಮೂರು ಪಟ್ಟು ಕೊಡೋ ನಾವು, ಕೈಕೆಲಸ ಬಲ್ಲವನಿಗೆ ಒಂದು ದಿನದ ಕೂಲಿ ಕೊಡೋಕೆ ಚೌಕಾಸಿ ಮಾಡ್ತೀವಿ. ಆಚಾರ್ರ ಮಗ ಇದೇ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ. ಅಪ್ಪನ ಹತ್ತರಿ ನನ್ನ ಹತ್ತಿರ ಇದೆ, "ಇಟ್ಕೋ ಅಣ್ಣ, ನಂಗ್ಯಾಕೆ" ಅಂತ ಅವನೇ ಕೊಟ್ಟಿದ್ದು.

ಶನಿವಾರ ಅದನ್ನೇ ತಗೊಂಡು ಹೋದೆ. ಏಳಡಿ ಪಟ್ಟಿ, ಎರಡು ಸ್ಟೂಲು, ಒಂದೂವರೆ ಗಂಟೆ. ಕಿಟಕಿ ಕೆಳಗೆ ಸರಿಯಾಗಿ ಕೂತಿತು. ಆ ಎಕ್ಸ್‌ಟ್ರಾ ಬಿಲ್ ಮಾತ್ರ ಇನ್ನೂ ಕ್ಯಾನ್ಸಲ್ ಆಗಿಲ್ಲ.