ಮಲಗಿರೋ ಗೆಡ್ಡೆಗೆ ನೀರು ಹಾಕಬೇಡಿ, ಕಾಡಿನ ಗೆಡ್ಡೆಗೆ ಕೈ ಹಾಕಬೇಡಿ

ಕಳೆದ ಬೇಸಿಗೆಯಲ್ಲಿ ಮೊಬೈಲ್‌ನಲ್ಲಿ ಫೋಟೋ ನೋಡಿ ನೆಲದ ಆರ್ಕಿಡ್‌ನ ಆರು ಗೆಡ್ಡೆ ತರಿಸಿದೆ. ಐದನ್ನು ಕುಂಡಕ್ಕೆ ಹಾಕಿ ದಿನಾ ನೀರು ಹನಿಸಿದೆ. ಇಪ್ಪತ್ತು ದಿನ ಕಳೆದರೂ ಮೊಳಕೆ ಇಲ್ಲ. ಕೆದಕಿ ನೋಡಿದರೆ ಐದೂ ಕೊಳೆತು ಲೋಳೆಯಾಗಿದ್ದವು. ಆರನೆಯದು ಪೊಟ್ಟಣದಲ್ಲೇ ಮರೆತುಹೋಗಿತ್ತು. ಮುಂಗಾರಿನ ಹೊತ್ತಿಗೆ ಅದು ತಾನಾಗಿಯೇ ಮೊಳಕೆ ತೋರಿಸಿತು! ಅಪ್ಪ ನಕ್ಕುಬಿಟ್ಟರು. "ಮಲಗಿರೋ ಸುವರ್ಣಗೆಡ್ಡೆಗೆ ಯಾರಾದ್ರೂ ನೀರು ಹಾಕ್ತಾರೇನೋ?" ಅಂದರು.

ವಿಷಯ ಅಷ್ಟೇ ನೋಡಿ. ಆರ್ಕಿಡ್ ಅಂದ್ರೆ ನಮಗೆ ಮರದ ಮೇಲಿನ ಸೀತಾಳೆ ದಂಡೆ ನೆನಪಾಗುತ್ತೆ. ಆದರೆ ಮಣ್ಣಲ್ಲೇ ಬೆಳೆಯುವ ಆರ್ಕಿಡ್‌ಗಳೂ ಬಹಳ ಇವೆ. ಪಶ್ಚಿಮ ಘಟ್ಟದ ಹುಲ್ಲುಗಾವಲಲ್ಲಿ ಮೊದಲ ಮಳೆ ಬಿದ್ದ ಮೇಲೆ ಬಿಳಿ ಹೂ ಬಿಡುವ ಹೇಬೆನೇರಿಯಾ ಅಂಥದ್ದೇ. ಮಳೆಗಾಲದಲ್ಲಿ ಎಲೆ, ಹೂವು. ಮಳೆ ನಿಂತ ಮೇಲೆ ಎಲೆ ಒಣಗಿ ನೆಲದೊಳಗೆ ಗೆಡ್ಡೆ ಮಾತ್ರ. ಈ ವರ್ಷದ ಹೂವಿಗೆ ಹಳೆ ಗೆಡ್ಡೆ ತನ್ನ ಶಕ್ತಿಯನ್ನೆಲ್ಲ ಕೊಟ್ಟು ಸುಕ್ಕಾಗುತ್ತೆ, ಪಕ್ಕದಲ್ಲಿ ಮುಂದಿನ ವರ್ಷಕ್ಕೆ ಹೊಸ ಗೆಡ್ಡೆ ತುಂಬಿಕೊಳ್ಳುತ್ತೆ. ಹೂ ಬಾಡಿತು ಅಂತ ಹಸಿರೆಲೆ ಕತ್ತರಿಸಿದರೆ ಆ ಹೊಸ ಗೆಡ್ಡೆಯ ಊಟವನ್ನೇ ಕಿತ್ತುಕೊಂಡ ಹಾಗೆ.

ಕುಂಡದಲ್ಲಿ ಬೆಳೆಸೋರಿಗೆ ಥಾಯ್ಲೆಂಡ್ ಕಡೆಯ ಹೇಬೆನೇರಿಯಾ ರೋಡೋಕೀಲಾ ಒಳ್ಳೆಯ ಆಯ್ಕೆ. ಕಿತ್ತಳೆ, ಗುಲಾಬಿ, ಹಳದಿ ಬಣ್ಣದಲ್ಲಿ ಬರುತ್ತೆ, ಬೆಚ್ಚನೆ ಹವೆ ತಡೆಯುತ್ತೆ. ನಾನು ಈಗ ಮಾಡೋದು ಹೀಗೆ:

ನಾಲ್ಕೈದು ಇಂಚಿನ ಕುಂಡ, ತಳದಲ್ಲಿ ಒಳ್ಳೆ ತೂತು. ದಪ್ಪ ಮರಳು, ಸಣ್ಣ ಜಲ್ಲಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ ತುಂಬಿ. ನೀರು ಹಾಕಿದ ತಕ್ಷಣ ಬಸಿದು ಹೋಗಬೇಕು. ಮೊಳಕೆಯ ಕಣ್ಣು ಮೇಲೆ ಬರೋ ಹಾಗೆ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಗೆಡ್ಡೆ ಇಡಿ. ಚಿಗುರು ಕಾಣೋವರೆಗೆ ಮಿಶ್ರಣ ಸ್ವಲ್ಪ ತೇವ ಇದ್ದರೆ ಸಾಕು. ಆಮೇಲೆ ನೀರು ಹೆಚ್ಚಿಸಿ, ಗೊಬ್ಬರದ ನೀರನ್ನು ತೀರಾ ತೆಳುವಾಗಿ ಕೊಡಿ. ಶೇ 50ರ ನೆರಳು ಪರದೆ ಇರಲಿ, ಜಡಿಮಳೆ ನೇರ ಬೀಳದಿರಲಿ. ಎಲೆ ಹಳದಿಯಾಗಲು ಶುರುವಾದಾಗ ನೀರು ಕಡಿಮೆ ಮಾಡಿ, ಒಣಗಿದ ಮೇಲೆ ನಿಲ್ಲಿಸಿ. ಕುಂಡವನ್ನು ತಂಪಾದ ಮೂಲೆಯಲ್ಲಿಟ್ಟು "ಮಲಗಿದೆ, ನೀರು ಬೇಡ" ಅಂತ ಚೀಟಿ ಅಂಟಿಸಿ. ಇಲ್ಲಾಂದ್ರೆ ಮನೆಯವರು ಯಾರಾದ್ರೂ ಪಾಪ ಅಂತ ನೀರು ಹಾಕಿಬಿಡ್ತಾರೆ!

ಈಗ ಖಾರದ ಮಾತು. "ನಮ್ಮ ಕಾಡಲ್ಲೇ ಬೇಕಾದಷ್ಟಿದೆ, ಕಿತ್ತು ಮಾರಿದ್ರೆ ಏನು?" ಅಂತ ಕೆಲವು ಗೆಳೆಯರು ಕೇಳ್ತಾರೆ. ನನ್ನ ಉತ್ತರ: ಬೇಡವೇ ಬೇಡ. ಅರಣ್ಯದಿಂದ ಗಿಡ ಕೀಳೋದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಆಹಾರದ ದಾಸ್ತಾನು ಇಲ್ಲ. ಮಣ್ಣಿನ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಅಲ್ಲಿ ಮೊಳೆಯುತ್ತೆ. ಹಾಗಾಗಿ ಕಿತ್ತ ಜಾಗ ಮತ್ತೆ ತುಂಬೋದು ಬಹಳ ನಿಧಾನ. ಟರ್ಕಿಯಲ್ಲಿ ಸಲೇಪ್ ಅನ್ನೋ ಪಾನೀಯದ ಪುಡಿಗಾಗಿ ಕಾಡಿನ ಗೆಡ್ಡೆ ಅಗೀತಾರೆ. ಒಂದು ಕಿಲೋ ಪುಡಿಗೆ ಸಾವಿರಕ್ಕೂ ಹೆಚ್ಚು ಗೆಡ್ಡೆ ಬೇಕು, ಅಲ್ಲಿನ ಆರ್ಕಿಡ್‌ಗಳಿಗೆ ಅದೇ ಕುತ್ತು. ನಮ್ಮ ಹುಲ್ಲುಗಾವಲಿಗೆ ಆ ಗತಿ ಬರಬಾರದು.

ಇನ್ನು ಆನ್‌ಲೈನ್ ಖರೀದಿ. "ಆರ್ಕಿಡ್ ಬೀಜ" ಅಂತ ಸಾಸಿವೆ, ಎಳ್ಳಿನ ಗಾತ್ರದ ಕಾಳು ಕಳಿಸಿದರೆ ಅದು ಆರ್ಕಿಡ್ ಅಲ್ಲ. ಗೆಡ್ಡೆ ಕೊಳ್ಳುವಾಗ ಗಟ್ಟಿಯಾಗಿದೆಯಾ, ಕಣ್ಣು ಇದೆಯಾ ಅಂತ ವಿಡಿಯೋದಲ್ಲಿ ತೋರಿಸೋಕೆ ಹೇಳಿ. ನರ್ಸರಿಯಲ್ಲಿ ಬೆಳೆಸಿದ್ದಾ, ಕಾಡಿನದ್ದಾ ಅಂತ ಕೇಳಿ. ಉತ್ತರ ತಡವರಿಸಿದರೆ ಕೊಳ್ಳಬೇಡಿ. ಆರ್ಕಿಡ್ ಕುಟುಂಬ ಪೂರ್ತಿ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಹೊರದೇಶದಿಂದ ತರಿಸೋಕೆ ಪರವಾನಗಿ, ಸಸ್ಯ ಆರೋಗ್ಯ ಪತ್ರ ಎರಡೂ ಬೇಕು.

ಲಕ್ಷದ ಲೆಕ್ಕ ಹೇಳುವ ವಿಡಿಯೋಗಳನ್ನೂ ನಂಬಬೇಡಿ. ಹೂವಿನ ಮಾರುಕಟ್ಟೆಗೆ ಹೋಗೋದು ಹೆಚ್ಚಾಗಿ ಡೆಂಡ್ರೋಬಿಯಂ. ಅದರ ಬೇಸಾಯವೇ ಬೇರೆ. ನೆಲದ ಆರ್ಕಿಡ್ ಗೆಡ್ಡೆ ವರ್ಷಕ್ಕೆ ಒಂದಕ್ಕೆ ಎರಡಾದರೆ ಅದೇ ಖುಷಿ. ಆದ್ದರಿಂದ ಸಾಲ ಮಾಡಿ ಶೆಡ್ ಕಟ್ಟಬೇಡಿ. ಹತ್ತು ಕುಂಡದಿಂದ ಶುರು ಮಾಡಿ, ಎರಡು ಮಳೆಗಾಲ ನೋಡಿ, ಪ್ರತಿ ಕುಂಡದ ಫೋಟೋ ತಾರೀಖಿನ ಸಮೇತ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಹತ್ತು ಗೆಡ್ಡೆ ಮಲಗಿ, ಹತ್ತೂ ಎದ್ದರೆ ಆಮೇಲೆ ಮಾರಾಟದ ಮಾತು.

ನನ್ನ ಉಳಿದ ಆ ಒಂದು ಗೆಡ್ಡೆ ಈಗ ಎರಡಾಗಿದೆ. ಸದ್ಯಕ್ಕೆ ಅಟ್ಟದ ಕೆಳಗೆ ಮಲಗಿವೆ. ನೀರಿನ ಚೊಂಬು ಹಿಡಿದು ಆ ಕಡೆ ಹೋಗದಂತೆ ನನ್ನನ್ನು ನಾನೇ ತಡೆದುಕೊಂಡಿದ್ದೀನಿ!